ಅಳವಂಡಿಯ ಪಡಿಯಚ್ಚು

ತಂದೆಯ ಕಾಗದಗಳಿದ್ದ ಟ್ರಂಕಿನ ಮುಚ್ಚಳ ಎತ್ತಿದೊಡನೆ ಹಳೆಯ ಎಣ್ಣೆಜಿಡ್ಡಿನ ವಾಸನೆ ಕಳಕಮ್ಮನ ಮೂಗಿಗೆ ಬಡಿಯಿತು. ಅದರಲ್ಲಿ ಸೀಗೆಕಾಯಿಯದೂ ಇತ್ತೋ, ಅವಳಿಗೇ ನೆನಪಾಯಿತೋ ತಿಳಿಯದು. ಏಳರ ಹುಡುಗಿಯಾಗಿದ್ದಾಗ ಅಳವಂಡಿಯ ಕೆರೆದಂಡೆಯಲ್ಲಿ ಇದೇ ವಾಸನೆಯ ನಡುವೆ ಒಂದು ಇಡೀ ದಿನ ಕಳೆದಿದ್ದಳು.

ಅವಳ ತಂದೆ ಕೊಟ್ರಬಸಪ್ಪ ಮಾಸ್ತರರು ಕೊಪ್ಪಳದ ಕಾಳಿನಂಗಡಿಯೊಂದರ ಅಟ್ಟದ ಮೇಲೆ ಶಾಸನ ಸಂಶೋಧನ ಮಂಡಳಿ ತೆರೆದ ವರ್ಷ ಅದು. ಅಳವಂಡಿಯ ಕೆರೆದಂಡೆಯ ಶಾಸನದ ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿದರು. ಮೂರು ಸಲವೂ ಕಾಗದವೆಲ್ಲ ಕಪ್ಪಾಗಿ ಬಂತು. ಅದನ್ನು ದೇವಿಯೆಂದು ಪೂಜಿಸುವ ಹೆಣ್ಣುಮಕ್ಕಳು ಮಂಗಳವಾರಕ್ಕೊಮ್ಮೆ ಸುರಿದ ಎಣ್ಣೆ ಅಕ್ಷರಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ದೇವರ ಕಲ್ಲನ್ನು ಕೆರೆಯಲು ಯಾರಿಗೆ ಧೈರ್ಯ? ಮಾಸ್ತರರು ‘ಅಕ್ಷರ ಅಳಿಸಿವೆ’ ಎಂದು ಬರೆದುಕೊಂಡು ಎದ್ದಿದ್ದರು. ಆಗ ಕೂಲಿಗೆ ಹೊರಟಿದ್ದ ಹುಲಿಗವ್ವ ಎಂಬಾಕೆ ಬುಟ್ಟಿ ಇಳಿಸಿ, ಕಲ್ಲಿಗೆ ಕೈಮುಗಿದಳು.

“ಇಷ್ಟ ವರ್ಷ ಎಣ್ಣಿ ಹಚ್ಚೀವಿ. ಒಂದಿನಾರ ಅವ್ವಗ ತಲಿ ಎರೀಬೇಕಲ್ರಿ?”

ಬೂದಿ, ಸೀಗೆಕಾಯಿ, ತೆಂಗಿನ ನಾರು ಹಿಡಿದು ಮಧ್ಯಾಹ್ನದವರೆಗೆ ಉಜ್ಜಿದಳು. ಅಂದಿನ ಕೂಲಿ ಹೋಯಿತು. ಸಂಜೆ ಕಾಗದದ ಮೇಲೆ ಅಕ್ಷರಗಳು ಮೂಡಿ, ಮಂಡಳಿಗೆ ತನ್ನ ಮೊದಲ ಪಡಿಯಚ್ಚು ಸಿಕ್ಕಿತು.

ಈಗ ಹತ್ತನೆಯ ವರ್ಷದ ಸಭೆ ಎರಡು ದಿನದಲ್ಲಿತ್ತು. ಮಂಡಳಿಯ ಚರಿತ್ರೆ ಬರೆದು ಓದುವ ಕೆಲಸ ಕಳಕಮ್ಮನದು. ತಂದೆಯ ದಫ್ತರ ನೋಡಿಕೊಂಡು ಅವಳು ಬರೆದಿದ್ದದ್ದು ಇಷ್ಟೇ: ‘ಅಳವಂಡಿಯ ಕಲ್ಲನ್ನು ಶುಚಿಗೊಳಿಸಲಾಯಿತು.’

ಶುಚಿಗೊಳಿಸಿದವಳನ್ನು ಕಣ್ಣಾರೆ ಕಂಡಿದ್ದೂ ತಾನು ಹೀಗೆ ಬರೆದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ಅಪ್ಪಾ, ಒಂದು ಹೆಸರು ಸೇರಸ್ಬೇಕು.”

“ಸಭಾದಾಗ ಓದೂದೆಲ್ಲ ಉರ್ದುಕ್ಕ ತರ್ಜುಮೆ ಆಗಿ ಸರಕಾರಿ ಕಚೇರಿ ಮೊಹರು ಬಿದ್ದೈತಿ ತಂಗಿ. ಒಂದಕ್ಷರ ಹೆಚ್ಚು ಓದಿದ್ರ ಮಂಡಳಿಗೆ ಬೀಗ ಹಾಕ್ತಾರ.” ಮಾಸ್ತರರು ತಡೆದು, ತಗ್ಗಿದ ದನಿಯಲ್ಲಿ ಹೇಳಿದರು, “ಮ್ಯಾಲಾಗಿ, ಆಕಿ ಹೆಸರು ನಾ ಅವತ್ತ ಕೇಳ್ಲೇ ಇಲ್ಲ.”

“ನಾ ಕೇಳಿದ್ದೆ.”

ಸಂತೆಯಿಂದ ಅಳವಂಡಿಗೆ ಮರಳುವ ಬಂಡಿಯವನ ಕೈಯಲ್ಲಿ ಅವಳು ಹುಲಿಗವ್ವನಿಗೆ ಬರಹೇಳಿದಳು.

ಸಭೆಯ ದಿನ ಹುಲಿಗವ್ವ ಬಂದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕುಳಿತಳು. ಓದುವುದನ್ನು ತಾಳೆ ನೋಡಲು ಕಚೇರಿಯಿಂದ ಬಂದ ಇಬ್ರಾಹಿಂಸಾಬರು ಮೊಹರಿನ ಕಾಗದ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿದ್ದರು. ಕಳಕಮ್ಮ ಅವರ ಹತ್ತಿರ ಬಗ್ಗಿ ಕೇಳಿದಳು.

“ಚಾಚಾ, ಓದೂದರ ನಡುವ ನೀರು ಕುಡೀಬಹುದೇನ್ರಿ?”

“ನೀರಿಗೆ ಯಾಕ ಬೇಟಿ ಪರವಾನಗಿ?”

“ನಾ ಕುಡಿಯೂತನಕ ಯಾರರ ಮಾತಾಡಿದ್ರ?”

ಇಬ್ರಾಹಿಂಸಾಬರು ಅವಳನ್ನು ನೋಡಿದರು. ಮೆಟ್ಟಿಲ ಮೇಲಿದ್ದ ಮುದುಕಿಯನ್ನೂ ನೋಡಿದರು. “ನನಗ ಹುಕುಂ ಇರೂದು ನೀ ಓದಿದ್ದು ಕೇಳಾಕ. ನಿಧಾನ ಕುಡಿ, ಗಂಟಲಿಗೆ ಸಿಗಬಾರ್ದು.”

ಅವಳು ಓದಿದಳು. ಅಳವಂಡಿಯ ಸಾಲು ಬಂದಾಗ ಕಾಗದ ಕೆಳಗಿಟ್ಟು ತಂಬಿಗೆ ಎತ್ತಿಕೊಂಡಳು. ಬಾಗಿಲ ಕಡೆ ತಿರುಗಿದಳು.

“ದೊಡ್ಡವ್ವಾ, ಒಳಗ ಬರ್ರಿ. ಗ್ವಾಡಿಮ್ಯಾಲ ಇರೂದು ಗುರ್ತ ಸಿಕ್ತೇನು ನೋಡ್ರಿ.”

ಹುಲಿಗವ್ವ ಸೆರಗು ಸರಿಪಡಿಸಿಕೊಂಡು ಬಂದಳು. ಗೋಡೆಯ ಪಡಿಯಚ್ಚನ್ನು ಬಹಳ ಹೊತ್ತು ನೋಡಿದಳು.

“ನಮ್ಮ ಅವ್ವನ ಮಕಾ ಏನವ್ವ ಇದು? ಇಷ್ಟ ಬರದಾರ? ಅವತ್ತ ಉಜ್ಜಿ ಉಜ್ಜಿ ನನ್ನ ಉಗುರು ಕಿತ್ತಿದ್ವು. ಈ ಮಾಸ್ತರ್ರ ನೆತ್ತಿ ಬಿಸಿಲಾಗ ಬ್ರಷ್ ಹಿಡಕೊಂಡ ಕುಂತಿದ್ರು. ನೆಳ್ಳಿಗೆ ಸರೀರಿ ಅಂದ್ರ, ಕಲ್ಲರ ಕೇಳೀತು, ಇವರು ಕೇಳವಲ್ರು.”

ಸಭೆ ನಕ್ಕಿತು. ಇಬ್ರಾಹಿಂಸಾಬರು ಅಟ್ಟದ ತೊಲೆಗಳನ್ನು ಎಣಿಸುತ್ತಿದ್ದರು.

“ಏನ್ ಬರದೈತಿ?” ಹುಲಿಗವ್ವ ಕೇಳಿದಳು.

“ಊರಿಗೆ ಕೆರಿ ಕಟ್ಟಿಸಿದವರ ಹೆಸರು, ದೊಡ್ಡವ್ವ.”

“ಹಂಗಾದ್ರ ತಲಿ ಎರದದ್ದು ಛಲೋ ಆತು.”

ಕಳಕಮ್ಮ ತಂಬಿಗೆ ಇಟ್ಟು ಉಳಿದದ್ದನ್ನು ಓದಿ ಮುಗಿಸಿದಳು. ಒಂದು ಅಕ್ಷರವನ್ನೂ ಹೆಚ್ಚು ಓದಲಿಲ್ಲ. ಇಬ್ರಾಹಿಂಸಾಬರು ಕಾಗದ ಮಡಚಿಕೊಂಡು, ಓದಿದ್ದೆಲ್ಲ ಬರಾಬರ್ ಐತಿ ಎಂದು ಹೊರಟುಹೋದರು.

ಮಾಸ್ತರರು ಹಳೆಯ ದಫ್ತರ ತೆರೆದು, ಹತ್ತು ವರ್ಷದ ಹಿಂದಿನ ಪುಟದ ಅಂಚಿನಲ್ಲಿ ಲೇಖನಿ ಹಿಡಿದು ಕುಳಿತರು. “ಹುಲಿಗವ್ವ. ಗಂಡನ ಹೆಸರು?”

“ಗ್ಯಾನಪ್ಪ. ತೀರಿಕೊಂಡ್ರು.”

ಅವರು ಬರೆದು, ಮಸಿ ಆರುವವರೆಗೆ ಕಾದರು. ಅಷ್ಟರಲ್ಲಿ ಸಭೆಯ ಅಧ್ಯಕ್ಷರ ಸಾಲಿಗೆ ಊಟದ ಎಲೆ ಹಾಕಿದ್ದರು. ಬಂಡಿ ಹೊರಡುತ್ತದೆಂದು ಹುಲಿಗವ್ವ ಆಗಲೇ ಎರಡು ಮೆಟ್ಟಿಲು ಇಳಿದಿದ್ದಳು. ಅಧ್ಯಕ್ಷರಿಗೆಂದು ಬಡಿಸಿದ್ದ ಮೊದಲ ಎಲೆಯನ್ನು ಮಾಸ್ತರರು ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಗೆ ಬಂದು, ಆಕೆಯ ಕೈಗೆ ಕೊಟ್ಟರು.