ಅಂಚಿನ ಆರು ಸಾಲು

ಮೊದಲ ಏಟಿಗೇ ಪಾಯಾನ ಟೋಪಿ ಹಾರಿ ಕಾಲುವೆಗೆ ಬಿತ್ತು. ಎರಡನೆಯದು ಗುದ್ದಲಿಯ ಕಾವಿನ ಏಟು. ಅದು ದವಡೆಗೆ ಬಿದ್ದಾಗ ಒಣಗಿದ ದಂಟು ಮುರಿದಂಥ ಸದ್ದಾಯಿತು. ಮ್ಲಾದೆನ್ ಆ ಸದ್ದು ಕೇಳಿಸಿಕೊಂಡ. ಕೇಳಿಸಿಕೊಂಡೂ ಮತ್ತೆ ಕಾವು ಎತ್ತಿದ.

"ಗಾಳಿ ನೋಡ್ಕೊಂಡೇ ಹೊಡೆದೆ ಅಲ್ವೇನೋ ಔಷಧಿ? ನನ್ನ ಹೊಲದ ಕಡೆ ಬೀಸೋ ದಿನ ನೋಡ್ಕೊಂಡೇ ಹೊಡೆದೆ."

ಪಾಯಾ ನೆಲಕ್ಕೆ ಅಂಗೈ ಊರಿ ಏಳಲು ನೋಡಿದ. ಬಾಯಿಂದ ರಕ್ತದ ಜೊತೆ ಒಂದು ಹಲ್ಲೂ ಬಂತು. ಏನೋ ಹೇಳಹೊರಟ, ದವಡೆ ಮಾತು ಕೇಳಲಿಲ್ಲ. ಬಲಗೈ ಎತ್ತಿ ಹೊಲದ ಅಂಚಿನತ್ತ ತೋರಿಸಿದ. ಆ ಕೈಗೂ ಒಂದು ಬಿತ್ತು.

ಮ್ಲಾದೆನನಿಗೆ ಬೆಳಗಿನಿಂದಲೇ ಪಿತ್ತ ನೆತ್ತಿಗೇರಿತ್ತು. ಟ್ರ್ಯಾಕ್ಟರಿನಿಂದ ಇಳಿದು ನೋಡಿದರೆ, ಮೊಣಕಾಲೆತ್ತರದ ಮೆಕ್ಕೆಜೋಳದ ಎಳೆ ಎಲೆಗಳ ಮೇಲೆ ನಡುನರದ ಎರಡೂ ಬದಿಗೆ ಬಿಳಿ ಪಟ್ಟೆ. ಹೋದ ವರ್ಷ ಯಾರದೋ ಸೋಯಾ ಹೊಲದ ಕಳೆ ಔಷಧಿ ಹಾರಿಬಂದು ಅವನ ದ್ರಾಕ್ಷಿ ಬಳ್ಳಿಯನ್ನು ಹೀಗೇ ಬೆಳ್ಳಗೆ ಮಾಡಿತ್ತು. ಕಳೆದ ವಾರ ಜೋರುಗಾಳಿಯಲ್ಲಿ ಪಾಯಾ ತನ್ನ ಹೊಲಕ್ಕೆ ಏನೋ ಸಿಂಪಡಿಸಿದ್ದನ್ನು ಕಣ್ಣಾರೆ ಕಂಡಿದ್ದ. ಇನ್ನೇನು ಬೇಕು? ಎರಡು ಪಾಲು ಯೂರಿಯಾ ಸುರಿದು ಎಬ್ಬಿಸಿದ ಪೈರು, ಊರಿನಲ್ಲಿ ಅಷ್ಟು ಎತ್ತರ ಯಾರದೂ ಇರಲಿಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ಆದರೆ ಪಾಯಾ ಬರೀ ಪಕ್ಕದ ಹೊಲದವನಲ್ಲ, ಕುಮ್. ಮ್ಲಾದೆನನಿಗೆ ಜ್ಞಾನಸ್ನಾನದ ದಿನ ಹೆಸರಿಟ್ಟವನು ಪಾಯಾನ ಅಪ್ಪ. ಬರುವ ಭಾನುವಾರ ಮ್ಲಾದೆನನ ಮಗುವನ್ನು ಎತ್ತಿಕೊಂಡು ಪಾದ್ರಿಯ ಮುಂದೆ ಹೆಸರು ಹೇಳಬೇಕಾದವನು ಪಾಯಾ. ಅದೇನು ಹೆಸರೆಂದು ಹೆತ್ತವರಿಗೂ ಗೊತ್ತಿಲ್ಲ, ಕುಮ್ ಬಾಯಿ ಬಿಡುವ ತನಕ ಕೇಳುವಂತೆಯೂ ಇಲ್ಲ. ಈ ಸೀಮೆಯಲ್ಲಿ ಅಣ್ಣತಮ್ಮಂದಿರು ಕೊಡಲಿ ಹಿಡಿದು ಬಡಿದಾಡಿದ್ದುಂಟು. ಕುಮ್ ಮೇಲೆ ಕೈ ಮಾಡಿದವನನ್ನು ಯಾರೂ ಕಂಡಿರಲಿಲ್ಲ.

ಮ್ಲಾದೆನನ ಹೆಂಡತಿ ದೇಸಾ ಓಡಿಬಂದು ಕಾವಿಗೆ ಜೋತುಬಿದ್ದಳು. ಅವಳನ್ನೂ ಕೊಡವಿ ಪೈರಿನೊಳಗೆ ಕೆಡವಿದ. ಅವಳು ಎದ್ದಾಗ ಕೈಯಲ್ಲಿ ಬಿಳಿ ಪಟ್ಟೆಯಿಲ್ಲದ ಒಂದು ಎಲೆಯಿತ್ತು.

"ಗಾಳಿ ಎಲ್ಲಿಂದ ಬಂತು?"

"ಅವನ ಹೊಲದಿಂದ."

"ಹಂಗಾದ್ರೆ ಅವನ ಪಕ್ಕದ ಸಾಲೇ ಮೊದಲು ಹಾಳಾಗ್ಬೇಕಿತ್ತಲ್ಲ. ನೋಡು. ಕಣ್ಣಿದ್ರೆ ನೋಡು."

ಮ್ಲಾದೆನ್ ನೋಡಿದ. ಪಾಯಾನ ಹೊಲಕ್ಕೆ ತಾಗಿದ ಆರು ಸಾಲು ಕಡುಹಸಿರಾಗಿ ನಿಂತಿದ್ದವು. ಒಂದೇ ಒಂದು ಬಿಳಿ ಗೆರೆಯಿಲ್ಲ. ಏಳನೆಯ ಸಾಲಿನಿಂದಾಚೆ ಎಲ್ಲವೂ ಬಿಳಿಚಿಕೊಂಡಿತ್ತು.

ಚಳಿಗಾಲದಲ್ಲಿ ಪಾಯಾ ಇಬ್ಬರ ಹೊಲದ ಮಣ್ಣನ್ನೂ ಪರೀಕ್ಷೆಗೆ ಕಳಿಸಿದ್ದ. ಫಲಿತಾಂಶ ಬಂದ ದಿನ ರಾಕಿಯಾ ಸಾರಾಯಿ ಕುಡಿಯುತ್ತ ಹೇಳಿದ್ದ: "ನಮ್ಮ ಮಣ್ಣಲ್ಲಿ ಜಿಂಕ್ ಇಲ್ಲ ಕಣೋ. ಯೂರಿಯಾ ಅಂದ್ರೆ ಬರೀ ಚಾಟಿ. ಲಾಳ ಇಲ್ಲದ ಕುದುರೆಗೆ ಎಷ್ಟು ಚಾಟಿ ಬೀಸ್ತೀಯ? ಜೋರಾಗಿ ಓಡಿದಷ್ಟೂ ಬೇಗ ಕುಂಟುತ್ತೆ."

"ಜಿಂಕ್ ಬಕೆಟ್‌ಗೆ ಬೇಕು, ಜೋಳಕ್ಕಲ್ಲ" ಎಂದು ಮ್ಲಾದೆನ್ ನಕ್ಕು ಗ್ಲಾಸು ತುಂಬಿಸಿದ್ದ.

ಗಾಳಿ ಹೊತ್ತು ತಂದದ್ದು ಜಿಂಕ್ ನೀರು. ಅದು ಮುಟ್ಟಿದಷ್ಟು ಸಾಲು ಬದುಕಿದ್ದವು. ಮ್ಲಾದೆನನ ಕೈಯಿಂದ ಕಾವು ಜಾರಿತು. ಪಾಯಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಂಬುಲೆನ್ಸ್ ಬರುವ ತನಕ ಅವನ ಬಾಯಿಯ ರಕ್ತವನ್ನು ತನ್ನ ಅಂಗಿಯಿಂದ ಒರೆಸುತ್ತ ಕೂತ. ಅಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಗುರುವಾರ ಆಸ್ಪತ್ರೆಗೆ ಹೋದ. ಪಾಯಾನ ದವಡೆಯನ್ನು ತಂತಿಯಿಂದ ಬಿಗಿದಿದ್ದರು, ಬಲಗೈಗೆ ಪಟ್ಟಿ ಹಾಕಿದ್ದರು.

"ಪೊಲೀಸರ ಮುಂದೆ ಎಲ್ಲಾ ಒಪ್ಕೊಂಡಿದೀನಿ, ಕುಮ್. ನೀನೂ ಹೊಡಿ. ಬೇಕಾದ್ರೆ ಗುದ್ದಲಿ ತಂದ್ಕೊಡ್ತೀನಿ."

ಪಾಯಾ ಒಂದು ಚೀಟಿ ಎಳೆದುಕೊಂಡು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದ: "ಉಳಿದ ಸಾಲಿಗೂ ಹೊಡಿ. ಇನ್ನೂ ತಡವಾಗಿಲ್ಲ. ಜಿಂಕ್ ಚೀಲ ನನ್ನ ಕೊಟ್ಟಿಗೇಲಿದೆ. ನಿನಗೂ ಸೇರಿಸಿ ತಂದಿದ್ದೆ."

ಮ್ಲಾದೆನ್ ಓದಿ ಬಿಕ್ಕಿಬಿಕ್ಕಿ ಅತ್ತ. ಪೈರೂ ಉಳಿಯಿತು, ಕುಮ್ ಕೂಡ ಉಳಿದ ಎಂದುಕೊಂಡ.

"ಹಂಗಾದ್ರೆ ಭಾನುವಾರ ಬೇಡ, ಮಗು ಜ್ಞಾನಸ್ನಾನ ನಿನಗೆ ವಾಸಿ ಆದ್ಮೇಲೇ ಇಟ್ಕೊಳ್ಳೋಣ. ಹೆಸರು ನೀನೇ ಹೇಳ್ಬೇಕು."

ಪಾಯಾ ಅವನ ಕೈಯಿಂದ ಚೀಟಿ ತೆಗೆದುಕೊಂಡು, ಹಿಂಬದಿಯಲ್ಲಿ ಮೂರು ಪದ ಬರೆದುಕೊಟ್ಟು ಗೋಡೆಯ ಕಡೆ ಹೊರಳಿದ.

"ಬೇರೆ ಕುಮ್ ಹುಡುಕು."