ನಡೆಯಲಿಕ್ಕೆಂದು ಬಸ್ಸು ಹತ್ತಿದವರು

ನಡೆಯಲಿಕ್ಕೆಂದು ಬಸ್ಸು ಹತ್ತಿ ಬರುವ ಜನರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಿಲಂಗಾದಿಂದ ಬರುವ ಕೆಂಪು ಎಸ್ಟಿ ಬಸ್ಸಿನಿಂದ ನಮ್ಮ ಬೋರವಾಡಿಯ ಬೇವಿನ ಮರದ ಕೆಳಗೆ ಇಳಿಯುತ್ತಾರೆ. ತಲೆಗೆ ಟೋಪಿ, ಕಾಲಿಗೆ ಇಟ್ಟಿಗೆಯಷ್ಟು ದಪ್ಪ ಬೂಟು, ಕೈಯಲ್ಲಿ ಎರಡೆರಡು ಕೋಲು. ಹಿಂದೆ ಮುಂದೆ ಒಂದು ಕುರಿಯೂ ಇಲ್ಲ, ಕೋಲು ಮಾತ್ರ ಎರಡು! ನೂರೈವತ್ತು ಕುರಿ ಕಾಯುವ ನನ್ನ ಕೈಯಲ್ಲಿ ಇರುವುದು ಒಂದೇ.

ನಾನು ಅಂಬುಬಾಯಿ. ಬೀರಪ್ಪನ ಒಕ್ಕಲು. ಬಸವಕಲ್ಯಾಣದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು. ಹದಿನೆಂಟು ಮನೆಗಳ ವಸ್ತಿ ನಮ್ಮದು, ಎಲ್ಲರೂ ಕುರಿಯವರೇ. ಲೋಹಾರಾ ಸಂತೆಗೆ ನಡೆದೇ ಹೋಗುತ್ತೇವೆ, ಮಾಕಣಿ ಡ್ಯಾಮಿಗೆ ಕುರಿ ಮೈತೊಳೆಯಲು ನಡೆದೇ ಹೋಗುತ್ತೇವೆ. ಬಸ್ಸೇನಿದ್ದರೂ ಕಾಲಿಲ್ಲದವರಿಗೆ ಎಂದು ನಗುತ್ತಿದ್ದೆವು.

ಈ ಟೋಪಿಯವರ ಮುಂದಾಳು ಉಮಾಕಾಂತ ಮಾಸ್ತರ. ನಿಲಂಗಾದಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಒಂದು ಕರಪತ್ರ ಅಚ್ಚು ಹಾಕಿಸಿದ್ದ: ಎಸ್ಟಿ ಹತ್ತಿ, ಕಾಡು ಸುತ್ತಿ. ಉದಗೀರದಿಂದ ಯಾವ ಬಸ್ಸು, ಉಮರ್ಗಾದಿಂದ ಯಾವ ಬಸ್ಸು, ಎಲ್ಲಿ ಇಳಿದರೆ ಯಾವ ಕಾಡುದಾರಿ, ಎಲ್ಲ ಅದರಲ್ಲಿತ್ತು. ನಮ್ಮ ಗುಡ್ಡವನ್ನೂ ಸೇರಿಸಿ 'ದಟ್ಟ ಅರಣ್ಯ' ಎಂದು ಬರೆದುಬಿಟ್ಟಿದ್ದ. ಅಯ್ಯೋ ಶಿವನೇ, ನಾಲ್ಕು ಮುತ್ತುಗದ ಗಿಡ, ಒಂದಿಷ್ಟು ಜಾಲಿ, ಜಂಗಲ್ ಖಾತೆಯವರು ನೆಟ್ಟು ಮರೆತುಹೋದ ಬೇವು! ಅದರೊಳಗೆ ಒಂದು ಮೇಕೆ ಬಚ್ಚಿಟ್ಟುಕೊಂಡರೂ ಬಾಲ ಹೊರಗೆ ಕಾಣುತ್ತದೆ.

ಹಾಗಿದ್ದೂ ನಾನು ಅವರನ್ನು ಓಡಿಸಲಿಲ್ಲ. ಕಾರಣ ನನ್ನ ಮಗಳು ಸಪ್ನಾ. ಆಕೆ ನಿಲಂಗಾದಲ್ಲಿ ಹನ್ನೆರಡನೆಯ ತರಗತಿ ಓದುತ್ತಾಳೆ. ಬೆಳಗಿನ ಆ ಬಸ್ಸು ನಿಲಂಗಾಕ್ಕೆ ಮರಳುವಾಗ ಅದರಲ್ಲೇ ಹೋಗುತ್ತಾಳೆ, ಸಂಜೆ ಐದೂವರೆಯ ಬಸ್ಸಿಗೆ ಬರುತ್ತಾಳೆ. ಹೋದ ತಿಂಗಳು ಡೆಪೊದವರು ಬೇವಿನ ಮರಕ್ಕೇ ಒಂದು ನೋಟೀಸು ಅಂಟಿಸಿ ಹೋದರು. ಈ ಗಾಡಿಗೆ ಜನರಿಲ್ಲ, ಬಂದ್ ಮಾಡುತ್ತೇವೆ ಎಂದು. ಬಂದ್ ಆದರೆ ಏಳು ಕಿಲೋಮೀಟರ್ ದೂರದ ಫಾಟಾಕ್ಕೆ, ಅಂದರೆ ರಸ್ತೆ ಕವಲೊಡೆಯುವಲ್ಲಿಗೆ, ನಡೆದು ಹೋಗಿ ಡಾಂಬರು ರಸ್ತೆಯ ಬಸ್ಸು ಹಿಡಿಯಬೇಕು. ನನ್ನ ಗಂಡ ಬಾಲಾಜಿಯದು ಒಂದೇ ಮಾತು.

"ಬಸ್ ಬಂದ್ ಆದ್ರ ಕಾಲೇಜ ಭೀ ಬಂದ್. ಆ ಜಾಲಿಗಿಡದಾಗಿಂದ ಒಬ್ಬಾಕಿಗೆ ಕಳಸಂಗಿಲ್ಲ ನಾ. ಕುರಿ ಹಿಂದ ಹೋಗ್ಲಿ."

ಸಪ್ನಾ ಡೆಪೊಗೆ ಹೋಗಿ ಸಾಹೇಬನನ್ನು ಕಂಡು ಅರ್ಜಿ ಕೊಟ್ಟಳು. ಆತ ಭಾನುವಾರ ಸಂಜೆಯ ಬಸ್ಸಿನಲ್ಲಿ ತಾನೇ ಬಂದು ನೋಡುತ್ತೇನೆ ಎಂದ. ಈಕೆ ನೇರವಾಗಿ ಮಾಸ್ತರನ ಮನೆಗೆ ಹೋಗಿ, ಆ ಭಾನುವಾರ ಎಷ್ಟು ಮಂದಿಯನ್ನು ಕರೆತರಲಾಗುತ್ತದೋ ಅಷ್ಟು ಮಂದಿಯನ್ನು ತನ್ನಿ ಎಂದು ಕೈಮುಗಿದಳು. ಮಾಸ್ತರ ಹತ್ತೊಂಬತ್ತು ಮಂದಿಯನ್ನು ತಂದ.

ಬೆಳಿಗ್ಗೆ ಇಳಿದವನೇ ಗುಡ್ಡದ ಬುಡದ ಕಲ್ಲೊಂದನ್ನು ತೋರಿಸಿ ಪಾಠ ಶುರು ಮಾಡಿದ. "ನೋಡ್ರಿ, ಹಳದಿ ಖೂನಾ ಅದ, ದಾರಿ ಗುರ್ತು. ಜಂಗಲ್ ಖಾತೆದವರು ಮಾಡ್ಯಾರ. ಹಳದಿ ಕಲ್ಲ ಹಿಡಕೊಂಡ ಹೋದ್ರ ದಾರಿ ತಪ್ಪಂಗಿಲ್ಲ."

ನಾನು ಕೇಳಿಸಿಕೊಂಡೆ, ಸುಮ್ಮನಿದ್ದೆ. ಅದು ಬೀರಪ್ಪನ ಭಂಡಾರ. ಮೇಯುವಾಗ ಕುರಿಯೊಂದು ಎಲ್ಲಿ ಮರಿ ಹಾಕುತ್ತದೋ ಅಲ್ಲೊಂದು ಕಲ್ಲು ನಿಲ್ಲಿಸಿ, ದೇವರ ಅರಿಶಿನ ಬಳಿದು, ಮರಿಯನ್ನು ಎತ್ತಿಕೊಂಡು ಬರುವುದು ನಮ್ಮ ಮನೆತನದ ಪದ್ಧತಿ. ಕುರಿ ಏನು ದಾರಿ ನೋಡಿ ಮರಿ ಹಾಕುತ್ತದೆಯೇ? ಮುಳ್ಳಿನ ಸಂದಿಯಲ್ಲಿ ಹಾಕುತ್ತದೆ, ಹಳ್ಳದಲ್ಲಿ ಹಾಕುತ್ತದೆ. ಭೂಗೋಳದ ಮಾಸ್ತರನಿಗೆ ಇದು ಗೊತ್ತಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಸುತ್ತಲಿ, ಸುತ್ತಲಿಕ್ಕೇ ಬಂದವರಲ್ಲವೇ ಎಂದುಕೊಂಡೆ.

ನಾಲ್ಕೂವರೆಯಾದರೂ ಅವರ ಸುಳಿವಿಲ್ಲ. ಸಪ್ನಾ ಬೇವಿನ ಮರಕ್ಕೂ ಗುಡ್ಡಕ್ಕೂ ನಾಲ್ಕು ಸಲ ಓಡಾಡಿ, ಕಡೆಗೆ ಕುರಿಹಟ್ಟಿಗೇ ಓಡಿ ಬಂದಳು.

"ಅವ್ವಾ, ಅವರು ಇನ್ನಾ ಇಳದಿಲ್ಲ! ಸಾಹೇಬ ಬಂದು ಖಾಲಿ ಬಸ್ ನೋಡಿದ್ರ ಮುಗೀತು."

"ಹಳದಿ ಕಲ್ಲ ಹಿಡಕೊಂಡ ಹೋಗ್ಯಾರ," ಎಂದು ನಾನು ನಕ್ಕೆ.

"ನಿನಗ ಮುಂಜಾನೆನೇ ಗೊತ್ತಿತ್ತು?"

ಆಕೆ ಕೇಳಿದ ರೀತಿಗೆ ನನ್ನ ನಗು ಅಲ್ಲೇ ನಿಂತಿತು. ಕೋಲು ತೆಗೆದುಕೊಂಡು ಗುಡ್ಡ ಹತ್ತಿದೆ.

ಹತ್ತೊಂಬತ್ತು ಮಂದಿಯೂ ಮುತ್ತುಗದ ಗಿಡದ ಕೆಳಗೆ ಕಾಲು ಚಾಚಿ ಕೂತಿದ್ದರು. ಮಾಸ್ತರನ ಟೋಪಿ ಮುಳ್ಳಿಗೆ ಸಿಕ್ಕಿ ಹರಿದಿತ್ತು.

"ಏ ಬಾಯೀ, ಈ ಕಾಡು ಭಾಳ ದೊಡ್ಡದದ," ಎಂದ. "ಮೂರು ತಾಸಾಯ್ತು, ಇಂಥದ್ದೇ ಗಿಡ, ಇಂಥದ್ದೇ ಕಲ್ಲು."

"ಇಂಥದ್ದಲ್ರೀ ಗುರುಜಿ, ಇದೇ ಗಿಡ, ಇದೇ ಕಲ್ಲು. ಏಳ್ರಿ ಮ್ಯಾಲೆ!"

ದಾರಿ ತೋರಿಸುತ್ತಾ ಕೂರಲು ಸಮಯವಿರಲಿಲ್ಲ. ಕುರಿ ಹೊಡೆದಂತೆ ಹೊಡೆದೆ. ಹುರ್ರ್ ಎಂದು ಹಿಂದೆ ನಿಂತೆ, ಬದಿಗೆ ಸರಿದವರಿಗೆ ಕೋಲು ಅಡ್ಡ ಹಿಡಿದೆ. ಬೂಟಿನವರು ಜಾರಿದರು, ಕೂಗಾಡಿದರು, ಆದರೂ ಓಡಿದರು. ಕುರಿಗಳಾಗಿದ್ದರೆ ಇಷ್ಟು ಗದ್ದಲ ಮಾಡುತ್ತಿರಲಿಲ್ಲ. ನಾವು ಕೆಳಗಿಳಿಯುವುದಕ್ಕೂ ಬಸ್ಸು ತಿರುಗಿ ನಿಲ್ಲುವುದಕ್ಕೂ ಸರಿಹೋಯಿತು.

ಅವರೆಲ್ಲ ಹತ್ತಿ ಕೂತರು. ವಸ್ತಿಯ ಹೆಂಗಸರು ಗಂಡಸರು ಬೇವಿನ ಕೆಳಗೆ ತಮಾಷೆ ನೋಡುತ್ತ ನಿಂತಿದ್ದರು. ಸಾಹೇಬ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಉದಗೀರದವನಂತೆ, ನಮ್ಮ ಮಾತೇ ಆಡುತ್ತಿದ್ದ.

"ಇವರು ಹೊರಗಿನ ಪಾವಣ್ಯಾರು," ಎಂದ. "ಇವತ್ತ ಬಂದಾರ, ನಾಳಿಗಿ ಬರಂಗಿಲ್ಲ. ಊರ ಮಂದಿ ಯಾರ್ಯಾರು ಹತ್ತತಾರ, ಅದು ಹೇಳ್ರಿ."

 ಆತ ಕಂಡಕ್ಟರ್ ಅಂಬಾದಾಸನ ಕಡೆ ತಿರುಗಿದ. ಅಂಬಾದಾಸನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೇ ಅವನ ದೊಡ್ಡ ರೋಗ.

"ಖರೇ ಹೇಳ್ಬೇಕಂದ್ರ ಸಾಹೇಬ್ರ, ಸಪ್ನಾ ಒಬ್ಬಾಕಿ. ಬಾಕಿ ಯಾರೂ ಹತ್ತಂಗಿಲ್ಲ. ಈ ಅಂಬುಬಾಯಿ ಅಕ್ಕ, ಗಾಡಿ ಸುರು ಆದ ಹನ್ನೊಂದ ವರ್ಷದಾಗ ಒಮ್ಮೆ ಭೀ ಪಾವಟಿಗಿ ಮ್ಯಾಲ ಕಾಲ ಇಟ್ಟಿಲ್ಲ. ಗಾಡಿ ನಿಂದರಸಿ ಬಾ ಅಕ್ಕಾ ಅಂದ್ರ ನಕ್ಕೋತ ಮುಂದ ಹೋಗ್ತಾಳ."

ಸಪ್ನಾ ನನ್ನ ಕಡೆ ನೋಡಿದಳು, ಅಷ್ಟೇ. ನನಗೆ ನಾಚಿಕೆಯಾಯಿತು. ಡೆಪೊದವರನ್ನು ಬೈದಿದ್ದೆ, ಗಂಡನನ್ನು ಬೈದಿದ್ದೆ, ಮಾಸ್ತರನನ್ನಂತೂ ಮನಸಾರೆ ಆಡಿಕೊಂಡಿದ್ದೆ. ಮಗಳ ಬಸ್ಸನ್ನು ಹನ್ನೊಂದು ವರ್ಷ ಖಾಲಿ ಓಡಿಸಿದವರು ನಾವೇ. ನಮ್ಮ ಕಾಲುಗಳ ಸೊಕ್ಕು ಅಂಥದ್ದು.

ಸಾಹೇಬ ಬಂದ್ ಮಾಡುವ ಕಾಗದದ ಮೇಲೆ ಪೆನ್ನು ಇಟ್ಟಿದ್ದ. ನಾನು ಅವನನ್ನು ಸರಿಸಿ ಬಸ್ಸು ಹತ್ತಿದೆ.

"ಫಾಟಾ, ಒಂದು," ಎಂದೆ.

ಅಂಬಾದಾಸ ಬಾಯಿ ತೆರೆದುಕೊಂಡು ನೋಡಿದ.

"ಏನ್ ನೋಡ್ತಿಯೋ? ಹೆಂಗಸರಿಗೆ ಅರ್ಧ ತಿಕೀಟಂತ, ಕೊಡು."

"ಈ ಹೊತ್ತಿನಾಗ ಫಾಟಾದಾಗ ಏನ್ ಕೆಲಸ ಅದ ನಿಮಗ?" ಎಂದು ಸಾಹೇಬ ಕೇಳಿದ.

"ಏನಿಲ್ರೀ. ಅಲ್ಲಿ ಇಳಿದು ಮನಿಗಿ ನಡಕೋತ ಬರ್ತೀನಿ."

"ನಡೀಲಾಕ ಯಾರಾರ ಬಸ್ ಹತ್ತತಾರೇನು?"

"ನನಗ್ಯಾಕ ಕೇಳ್ತೀರಿ? ಇವರಿಗಿ ಕೇಳ್ರಿ," ಎಂದು ನಾನು ಆ ಹತ್ತೊಂಬತ್ತು ಟೋಪಿಗಳ ಕಡೆ ಕೈ ಮಾಡಿದೆ.

ಮಾಸ್ತರ ಹರಿದ ಟೋಪಿಯನ್ನು ಸರಿಮಾಡಿಕೊಂಡು, "ಹೌದ್ರೀ ಸಾಹೇಬ್ರ, ಅದಕ್ಕಂತೇ ಹತ್ತೀವಿ," ಎಂದ. ಜನ್ಮದಲ್ಲಿ ಮೊದಲ ಸಲ ಆ ಮನುಷ್ಯ ಉಪಯೋಗದ ಮಾತಾಡಿದ.

ಕೆಳಗೆ ನಿಂತಿದ್ದ ತುಳಜಾಬಾಯಿ ಸೆರಗು ಸಿಕ್ಕಿಸಿ ಹತ್ತಿದಳು. ಆಕೆಯ ಹಿಂದೆ ಮುಕ್ತಾಬಾಯಿ. ಆಮೇಲೆ ನನ್ನ ಗಂಡ ಬಾಲಾಜಿ, ಯಾರ ಮುಖವನ್ನೂ ನೋಡದೆ. ಅವನ ಹಿಂದೆ ವಸ್ತಿಯ ಇನ್ನೂ ಏಳು ಮಂದಿ. ನೂಕಾಟದಲ್ಲಿ ಸಾಹೇಬನಿಗೇ ನಿಲ್ಲಲು ಜಾಗ ಸಾಲದೆ ಒಂದು ಮೂಲೆಗೆ ಒತ್ತಿಕೊಂಡ.

"ಮೂರು ತಿಂಗಳ ನೋಡ್ತೀನಿ," ಎಂದ. "ದಿನಾ ಹಿಂಗ ಹತ್ತಬೇಕ ಮತ್ತ."

ಫಾಟಾದಲ್ಲಿ ನಾವು ಹನ್ನೊಂದು ಮಂದಿ ಇಳಿದೆವು. ಅಲ್ಲಿ ನಮಗೆ ಮಾಡಲು ಏನೇನೂ ಇರಲಿಲ್ಲ. ತಿರುಗಿ ಏಳು ಕಿಲೋಮೀಟರ್ ನಡೆದೆವು. ದಾರಿಯುದ್ದಕ್ಕೂ ಬಾಲಾಜಿ, ಇದೇನು ಹುಚ್ಚಾಟ ಎಂದು ಗೊಣಗುತ್ತಲೇ ಬಂದ, ನಾನು ಹೌದು ಎನ್ನುತ್ತಲೇ ಬಂದೆ.

ಸಪ್ನಾ ಬೇವಿನ ಮರದ ಕೆಳಗೇ ಕಾಯುತ್ತಿದ್ದಳು.

"ಅವ್ವಾ, ನಾಳಿ ಮುಂಜಾನಿ ಭೀ ಹತ್ತತಿಯೇನು?"

"ಹತ್ತತೀನಿ," ಎಂದೆ. "ಬೇಕಂದ್ರ ಎರಡ ಕೋಲ ಭೀ ಹಿಡೀತೀನಿ."