ಬಸವನ ಎಡಗಿವಿ

ಕಬ್ಬಿಣದ ಮೇಲಾದರೆ ಅರ ಕಿರ್ ಎನ್ನುತ್ತದೆ, ಮರದ ಮೇಲೆ ಹೀಗೆ, ಸ್ಸು, ಸ್ಸು, ಜಾಲಿಯ ಕೆಂಪು ಹುಡಿ ಉಚ್ಚೆಂಗಪ್ಪನ ತೊಡೆಯ ಮೇಲೆ ಉದುರುತ್ತಿದೆ, ಅವನು ದುಡಿಯುವ ದೋಣಿಮಲೈ ಗಣಿಯ ಅದಿರಿನ ಧೂಳೂ ಇದೇ ಬಣ್ಣ, ಆದರೆ ಅದಕ್ಕೆ ಈ ವಾಸನೆಯಿಲ್ಲ, ಇದು ಮೆಟ್ರಿ ಊರಿನ ಈ ಮನೆಯ ವಾಸನೆ, ತನ್ನನ್ನು ಸಾಕಿದ ದುರ್ಗಕ್ಕನ ಸೆರಗಿನ ವಾಸನೆ — ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದಾಳೆ, ಕೈ ಖಾಲಿ, ಊರುಗೋಲು ಇವನ ಹತ್ತಿರ ಇದೆ, ಕೋಲಿಲ್ಲದ ಅಕ್ಕನನ್ನು ನೋಡಲಾಗುವುದಿಲ್ಲ, ಈ ಸಲ ಕಾಲುವೆಗೆ ನೀರು ಬಿಟ್ಟ ದಿನ ಕೋಲು ತೂಬಿನ ಕಲ್ಲಿಗೆ ಬಡಿದು ಹಿಡಿಕೆಗೆ ಕೆತ್ತಿದ ಬಸವನ ಎಡಗಿವಿ ಮುರಿದು ನೀರಿಗೆ ಬಿತ್ತಂತೆ, ಈಗ ಯಾರ ಗದ್ದೆಯಲ್ಲಿದೆಯೋ, ಮರುದಿನ ಕೋಲು ಅಂಗೈಯಲ್ಲೇ ತಿರುಗಿ ಅಕ್ಕ ಏರಿಯ ಮೇಲೆ ಬಿದ್ದಳು, ಅದಕ್ಕೇ ಅವನು ವರ್ಕ್‌ಶಾಪಿಗೆ ರಜೆ ಹಾಕಿ ಬಂದದ್ದು, ಕರೆದುಕೊಂಡು ಹೋಗಲು. ಕ್ವಾರ್ಟರ್ಸಿಗೆ ಬಂದುಬಿಡಕ್ಕಾ, ನಲ್ಲಿ ಐತಿ, ಫ್ಯಾನ್ ಐತಿ. ಗದ್ದಿ ಐತೇನು? ಇಲ್ಲ. ಮತ್ತ ನಲ್ಲಿ ನೋಡ್ಕೋತ ಕುಂದ್ರಲೇನಲೇ, ಮೊದ್ಲು ಬಸವಗ ಕಿವಿ ಮಾಡು, ನಡಿಯಾಕ ಬಂದ್ರ ಇಲ್ಲೇ ಇರ್ತೀನಿ, ಬರ್ಲಿಲ್ಲಂದ್ರ ನೀ ಕರದಲ್ಲಿಗೆ ಬರ್ತೀನಿ. ಕಿವಿ ಕೆಟ್ಟರೆ ಅಕ್ಕ ಅವನ ಮನೆಗೆ ಬರುತ್ತಾಳೆ, ಅವನಿಗೆ ಬೇಕಾದದ್ದೂ ಅದೇ, ಆದರೂ ಕೈ ಕೆಟ್ಟ ಕೆಲಸಕ್ಕೆ ಒಪ್ಪುತ್ತಿಲ್ಲ.

ಎಂಥ ಬಸವ ಇದು, ತೂಬಿನ ಹತ್ತಿರ ಅಕ್ಕ ತನ್ನ ಪಾಳಿಯ ನೀರಿಗೆ ಕಾಯುತ್ತ ಕಾಯುತ್ತ ಕುಡುಗೋಲಿನ ತುದಿಯಿಂದ ಕೆತ್ತಿದ್ದು, ಯಾರೂ ಕಲಿಸಿದವರಿಲ್ಲ, ಕೊಂಬೆಯ ಗಂಟು ಇದ್ದಲ್ಲೇ ಕಣ್ಣು ಬಂದಿದೆ, ಬಾಗಿದ್ದಲ್ಲೇ ಕತ್ತು, ಗಂಗೆದೊಗಲಿನ ಒಂದೊಂದು ಮಡಿಕೆಯೂ ಬೆರಳಿಗೆ ಸಿಗುತ್ತದೆ, ಅಳತೆ ಹಿಡಿದೇ ಕೆಲಸ ಮಾಡುವ ಫಿಟ್ಟರ್ ಉಚ್ಚೆಂಗಪ್ಪನಿಗೆ ಈ ಜನ್ಮದಲ್ಲಿ ಬರುವ ವಿದ್ಯೆಯಲ್ಲ. ಆ ಎಡಗಿವಿ ಮಾತ್ರ ಮೊದಲಿನಿಂದಲೂ ಒಳಕ್ಕೆ ಮಡಚಿಕೊಂಡಿತ್ತು, ನೆನಪಿದೆ, ಕುಡುಗೋಲು ಜಾರಿರಬೇಕು ಪಾಪ, ಇರಲಿ, ತಿದ್ದಿದರಾಯಿತು — ಬಲಗಿವಿಯ ಮೇಲೆ ಕಾಗದ ಇಟ್ಟು ಗೆರೆ ಎಳೆದ, ಕಾಗದ ಮಗುಚಿದ, ಅದೇ ಅಳತೆಗೆ ಹೊಸ ಕಿವಿ, ಬಿದಿರಿನ ಮೊಳೆ ಬಿಗಿದು ಕೂರಿಸಿದ, ಎರಡೂ ಕಡೆ ಸಮ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ತಗೋ ಅಕ್ಕಾ. ಅಕ್ಕನ ಹೆಬ್ಬೆರಳು ಕಿವಿಯ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಹುಡುಕಿತು, ನಿಂತಿತು. ಭಾಳ ಚಂದ ಐತಪ್ಪ. ನಾಲ್ಕು ಹೆಜ್ಜೆ, ಕೋಲು ಅಂಗೈಯಲ್ಲಿ ತಿರುಗಿತು, ಗೋಡೆ ಹಿಡಿದಳು. ನಡಿ, ಟ್ರಂಕ್ ತುಂಬ್ತೀನಿ. ಅಷ್ಟೇ, ಒಂದು ಸಿಟ್ಟಿನ ಮಾತಿಲ್ಲ, ಗೆದ್ದೆನಲ್ಲ, ಅಕ್ಕ ಸೀರೆ ಮಡಚುತ್ತಿದ್ದಾಳೆ, ನಾಲ್ಕು ಬೆರಳು ಬಾಗುತ್ತವೆ, ಹೆಬ್ಬೆರಳು ನೆಟ್ಟಗೆ ನಿಂತೇ ಇದೆ — ಊರಿಗೆ ಕಾಲುವೆ ಬಂದ ಹೊಸದರಲ್ಲಿ ಮೊದಲ ಭತ್ತ ಕೊಯ್ಯುವಾಗ ಕುಡುಗೋಲು ಕಚ್ಚಿದ ಬೆರಳು, ಸೆರಗು ಹರಿದು ಸುತ್ತಿಕೊಂಡು ಉಳಿದ ಗದ್ದೆಯನ್ನೂ ಕೊಯ್ದೇ ಮೇಲೆದ್ದವಳು, ಅಂದಿನಿಂದ ಆ ಬೆರಳು ಬಗ್ಗಿಲ್ಲ, ಅದೇ ಬೆರಳು ಮುಂದೆ ಮಾಡಿಕೊಂಡು ಅವನಿಗೆ ತುತ್ತು ಕೊಟ್ಟಳು, ಅವನು ಅದನ್ನು ದಿನಾ ನೋಡಿಯೂ ನೋಡಲಿಲ್ಲ, ಬೆರಳು ಬಗ್ಗದು, ಅದು ಕೂರಲೆಂದೇ ಕಿವಿ ಬಗ್ಗಿತ್ತು, ಕುಡುಗೋಲು ಎಲ್ಲೂ ಜಾರಿರಲಿಲ್ಲ.

ಅಕ್ಕಾ, ಟ್ರಂಕ್ ಬ್ಯಾಡ, ಇಲ್ಲಿ ಬಾ, ಕೈ ಕೊಡು. ಸಮನಾದ ಕಿವಿಯನ್ನು ಕಿತ್ತು ಬಿಸಾಕಿದ, ಜಾಲಿಯ ಇನ್ನೊಂದು ತುಂಡು, ಅದರ ಮೇಲೆ ಅವಳ ಹೆಬ್ಬೆರಳು, ಅರ ಒಂದಿಷ್ಟು, ಬೆರಳು ಒಂದಿಷ್ಟು, ಇನ್ನಾ ಒಳಗ ತಗೀಲೇ, ಹಾಂ, ಅಲ್ಲಿ, ಇನ್ನ ಚೂರು, ಸ್ಸು, ಸ್ಸು, ಕಾಗದವಿಲ್ಲ, ಗೆರೆಯಿಲ್ಲ, ಎಂಥ ಹೆಣ್ಣುಮಗಳು ಇವಳು, ತನಗಾದ ಊನಕ್ಕೆ ಬಸವನನ್ನೇ ಬಗ್ಗಿಸಿಕೊಂಡವಳು, ಮೊಳೆ ಬಿಗಿದ, ಅಕ್ಕ ಹಿಡಿದಳು, ಎದ್ದಳು, ಹೊಸ್ತಿಲು ದಾಟಿದಳು, ಏರಿ ಹತ್ತಿದಳು, ಕೋಲು ತಿರುಗಲಿಲ್ಲ, ತೂಬಿನ ಕಡೆಗೇ ಹೊರಟಿದ್ದಾಳೆ, ಇನ್ನು ಬರುವವಳಲ್ಲ, ನಲ್ಲಿ, ಫ್ಯಾನ್, ಅವಳಿಗೆಂದು ಸುಣ್ಣ ಹೊಡೆಸಿದ ಕೋಣೆ, ಖಾಲಿ ಟ್ರಂಕ್ ಬಾಯಿ ತೆರೆದೇ ಇದೆ, ಇರಲಿ, ಅವನು ಏರಿಯ ಕೆಳಗೆ ನಿಂತು ನೋಡುತ್ತಾನೆ, ಕಣ್ಣು ಬೇರೆಲ್ಲೂ ಹೋಗುತ್ತಿಲ್ಲ — ಬಗ್ಗಿದ ಕಿವಿ, ಅದರೊಳಗೆ ಬಗ್ಗದ ಹೆಬ್ಬೆರಳು.